ಓಡಿಸುವವಳ ಕಾರು

ದಾವಣಗೆರೆಯ ವಿನುತಾ ಎಂಬಾಕೆಗೆ ಹೊಸದಾಗಿ ಡ್ರೈವಿಂಗ್ ಲೈಸೆನ್ಸ್ ಬಂತು. ಗಂಡ ಮುರುಗೇಶನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಹರಿಹರದಲ್ಲಿದ್ದ ಅವಳ ತಾಯಿಗೆ ಮಂಡಿನೋವು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೆಲ್ಲ ವಿನುತಾ ಯಾರದೋ ಬಿಡುವಿಗಾಗಿ ಕಾಯಬೇಕಿತ್ತು. ಅದಕ್ಕೇ ಗಂಡಹೆಂಡತಿ ಒಂದು ಹಳೇ ಕಾರು ಕೊಳ್ಳಲು ತೀರ್ಮಾನಿಸಿದರು.

ಅವಳಿಗಿದ್ದದ್ದು ಒಂದೇ ಹೆದರಿಕೆ. ಭಾವನ ಹೆಂಡತಿ ಶಿವಲೀಲಕ್ಕನಿಗೂ ಹಿಂದೊಮ್ಮೆ ಲೈಸೆನ್ಸ್ ಬಂದಿತ್ತು. ಭಾವ ಷಡಕ್ಷರಿ ದೊಡ್ಡ ಗಾಡಿ ತಂದ. ಮೊದಲ ವಾರವೇ ಅದು ಗೇಟಿಗೆ ಉಜ್ಜಿತು. ಮನೆಮಂದಿಯೆಲ್ಲ ನಕ್ಕರು. ಆಮೇಲೆ ಶಿವಲೀಲಕ್ಕ ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಲೈಸೆನ್ಸು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತು. ತನ್ನದೂ ಹಾಗೇ ಆದರೆ?

ನಮ್ಮಲ್ಲಿ ಕಾರು ನೋಡಲು ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆ. ಮನೆಮಂದಿಯೆಲ್ಲ ಹೊರಡುತ್ತಾರೆ, ಬಾಳಬೇಕಾದವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂದೂ ಅತ್ತೆ, ಭಾವ, ಗಂಡ ಎಲ್ಲರೂ ಹೊರಟರು.

ಹಳೇ ಕಾರು ಮಾರುವಲ್ಲಿ ಅವರ ದುಡ್ಡಿಗೆ ಸಿಗುವಂಥವು ಎರಡೇ ಇದ್ದವು. ಒಂದು ಎತ್ತರದ ಬಿಳೀ ಗಾಡಿ, ವಯಸ್ಸಾಗಿತ್ತು. ಇನ್ನೊಂದು ಜಪಾನ್ ಕಂಪನಿಯ ಪುಟ್ಟ ಕೆಂಪು ಕಾರು, ಹೆಚ್ಚು ಓಡಿರಲಿಲ್ಲ.

ಭಾವ ನೇರವಾಗಿ ಬಿಳೀ ಗಾಡಿ ಹತ್ತಿ ಸ್ಟಿಯರಿಂಗ್ ಹಿಡಿದ. ಗಂಡ ಅವನ ಪಕ್ಕ ಕೂತ. ಲೈಸೆನ್ಸ್ ಪಡೆದವಳು ಅತ್ತೆಯ ಜೊತೆ ಹಿಂದೆ ಕೂತಳು. ಒಂದು ಸುತ್ತು ಹೊಡೆದು ಬಂದ ಭಾವ, "ಮುಗೀತು, ಇದೇ ಇರ್ಲಿ. ನಾಲ್ಕು ಜನ ನೋಡಿದ್ರೆ ಯಾರ್ದಪ್ಪಾ ಗಾಡಿ ಅನ್ಬೇಕು" ಎಂದ.

"ಆ ನಾಲ್ಕು ಜನ ಪೆಟ್ರೋಲ್ ಹಾಕಿಸ್ತಾರಾ ಭಾವ?" ಎಂದಳು ವಿನುತಾ. "ಇಳೀರಿ, ನಾನೂ ನೋಡ್ತೀನಿ."

ಸೀಟು ಪೂರ್ತಿ ಮುಂದೆಳೆದರೂ ಕ್ಲಚ್ಚಿಗೆ ಅವಳ ಕಾಲಿನ ತುದಿ ಮಾತ್ರ ಎಟುಕಿತು. ಬಾನೆಟ್ಟಿನ ಅಂಚು ಕಾಣಲೇ ಇಲ್ಲ. ಗೇಟು ದಾಟುವ ಮೊದಲೇ ಗಾಡಿ ಮತ್ತೆ ಮತ್ತೆ ಆಫ್ ಆಯಿತು. ಭಾವ ಹೊಟ್ಟೆ ಹಿಡಿದು ನಕ್ಕ. "ನೋಡಮ್ಮ, ಗಾಡಿ ಚೆನ್ನಾಗೇ ಇದೆ. ನಿಂಗೇ ಬರಲ್ಲ."

ಇಳಿದು ಸುಮ್ಮನೆ ಹಿಂದೆ ಕೂತರೆ ಇಲ್ಲಿಗೇ ಎಲ್ಲ ಮುಗಿಯುತ್ತಿತ್ತು. ವಿನುತಾ ಇಳಿದಳು, ಆದರೆ ಕೂರಲಿಲ್ಲ.

"ಚಪ್ಪಲಿ ಕಾಲಿಗೆ ಹಿಡೀದಿದ್ರೆ ಬೇರೆ ಸೈಜ್ ಕೊಡಪ್ಪಾ ಅಂತೀವಿ. ಕಾಲೇ ಸರಿಯಿಲ್ಲ ಅಂತ ಯಾರಾದ್ರೂ ಅಂತಾರಾ? ಆ ಕೆಂಪು ಕಾರಿನ ಕೀಲಿ ಕೊಡಿ" ಎಂದು ಕಾರು ಮಾರುವವನತ್ತ ಕೈಚಾಚಿದಳು.

"ಅದಾ? ಮಕ್ಕಳ ಆಟದ ಸಾಮಾನು!" ಎಂದ ಭಾವ.

"ಆಡ್ತಾ ಆಡ್ತಾನೇ ಕಲೀತೀನಿ ಬಿಡಿ. ಅತ್ತೆ, ನೀವು ಬನ್ನಿ ಮುಂದೆ."

ಪುಟ್ಟ ಕಾರೂ ಒಮ್ಮೆ ಆಫ್ ಆಯಿತು. ಈ ಸಲ ನಕ್ಕವಳು ವಿನುತಾಳೇ. ಮತ್ತೆ ಸ್ಟಾರ್ಟ್ ಮಾಡಿ ರಸ್ತೆಗಿಳಿದಳು. ಸ್ಟಿಯರಿಂಗ್ ಹೂವಿನಷ್ಟು ಹಗುರ. ಗೇರು ಕೇಳಿದ ಕೂಡಲೇ ಬೀಳುತ್ತಿತ್ತು. ಆಟೋಗಳ ನಡುವೆ ಕಾರು ಜಿಂಕೆಮರಿಯ ಹಾಗೆ ನುಸುಳಿತು. ಸರ್ಕಲ್ ಸುತ್ತಿ ಬಂದವಳು ಮತ್ತೊಮ್ಮೆ ಸುತ್ತಿದಳು.

ಅತ್ತೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. "ದಾರಿ ತಪ್ತೇನೇ?"

"ಇಲ್ಲ ಅತ್ತೆ. ಸುಮ್ನೆ, ಖುಷಿಗೆ."

ಅತ್ತೆ ಸೆರಗು ಸರಿಮಾಡಿಕೊಂಡರು. "ಹಂಗಾದ್ರೆ ಇನ್ನೊಂದ್ ಸುತ್ತು ಹೊಡಿ."

ಕೆಂಪು ಕಾರೇ ಮನೆಗೆ ಬಂತು. ಪೂಜೆಯಾಯಿತು. ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟರು. ಬೀದಿಯ ಹೆಂಗಸರೆಲ್ಲ ನೋಡಲು ನಿಂತರು. ಆಗ ಭಾವ ಕೈಚಾಚಿದ. "ಕೀಲಿ ಕೊಡು. ಮೊದಲು ಮನೆ ಗಂಡಸು ಓಡಿಸೋದು ಪದ್ಧತಿ."

ಮುರುಗೇಶ ಆಕಾಶ ನೋಡಿದ. ಎಲ್ಲರೂ ವಿನುತಾಳನ್ನು ನೋಡಿದರು. ಇವತ್ತು ಪದ್ಧತಿ ಎಂದು ಕೊಟ್ಟರೆ ನಾಳೆ ಮಳೆ ಎಂದು ಕೇಳುತ್ತಾರೆ, ನಾಡಿದ್ದು ಟ್ರಾಫಿಕ್ ಎಂದು ಕೇಳುತ್ತಾರೆ. ಅವಳಿಗೆ ಅದು ಗೊತ್ತಿತ್ತು.

"ನಾಳೆ ಬೆಳಿಗ್ಗೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ನೀವು ಬರ್ತೀರಾ ಭಾವ?"

"ನಾಳೆನಾ? ನಾಳೆ ನಂಗೆ ಕೆಲ್ಸ ಇದೆ."

"ನಂಗೂ ಇದೆ. ದಾರಿ ಬಿಡಿ."

ಅವಳು ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಭಾವ ಒಂದು ಹೆಜ್ಜೆ ಹಿಂದೆ ಸರಿದ. ನಿಂಬೆಹಣ್ಣು ಪಚಕ್ಕೆಂದು ಒಡೆದವು.

ಮರುದಿನ ಹರಿಹರದಲ್ಲಿ ತಾಯಿ ಕುಂಟುತ್ತಾ ಬಾಗಿಲಿಗೆ ಬಂದರು. ಕಾರು ನೋಡಿದರು. ಕಾರಿನ ಆಚೆ ಈಚೆ ಇಣುಕಿದರು. "ಡ್ರೈವರ್ ಎಲ್ಲೇ? ಪಾಪ, ಅವನಿಗೂ ಒಂದ್ ಲೋಟ ಕಾಫಿ ಕೊಡ್ಬೇಕಲ್ಲ."

ವಿನುತಾ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತಳು. "ಕೊಡಮ್ಮ. ಡ್ರೈವರಿಗೆ ಸಕ್ಕರೆ ಸ್ವಲ್ಪ ಜಾಸ್ತೀನೇ ಇರ್ಲಿ."

ನೀತಿ: ಓಡಿಸುವವರು ಯಾರೋ ಆರಿಸುವವರೂ ಅವರೇ ಆಗಬೇಕು. ಹೊಸದಾಗಿ ಕಲಿತವರು ಜೇಬಿಗೆ ಭಾರವಾಗದ, ಕೈಕಾಲಿಗೆ ಎಟುಕುವ, ಮನಸ್ಸಿಗೆ ಖುಷಿ ಕೊಡುವ ವಸ್ತುವನ್ನೇ ಹಿಡಿಯಬೇಕು. ಖುಷಿಯಿದ್ದರೆ ಕೈ ತಾನಾಗಿ ಪಳಗುತ್ತದೆ. ಊರು ಮೆಚ್ಚಲೆಂದು ತಂದದ್ದು ಮನೆಯ ಮುಂದೆ ನಿಂತು ಧೂಳು ತಿನ್ನುತ್ತದೆ.