ಜಗದೇವಿಯ ಸಿಟ್ಟು

ಶಿಷ್ಯ ಕೇಳಿದ: “ಗುರುಗಳೇ, ಕೋಪ ಬಿಡು ಎನ್ನುತ್ತೀರಿ. ಊರಿಗೆ ಅನ್ಯಾಯವಾದಾಗ ಬರುವ ಕೋಪವನ್ನೂ ಬಿಡಬೇಕೆ?”

ಗುರುಗಳು ಹೇಳಿದರು:

ರಾಜ್ಯದ ಗಡಿಯಲ್ಲಿ ಒಂದು ಸೀಮೆ. ನೆಲ ಅಗೆದರೆ ಹಾಸುಗಲ್ಲು. ಅಲ್ಲಿಯ ಜನ ಕಲ್ಲು ಎಬ್ಬಿಸಿ ಲಾರಿಗೆ ತುಂಬುವರು. ಲಾರಿ ಗಡಿ ದಾಟುವುದು. ಆಚೆ ಕಡೆಯವರು ಅದೇ ಕಲ್ಲನ್ನು ಕೊಯ್ದು, ಹೊಳಪು ಕೊಟ್ಟು, ಹಲವು ಪಟ್ಟು ಬೆಲೆಗೆ ಮಾರುವರು. ಊರಿನ ಗಂಡುಮಕ್ಕಳು ಕಲ್ಲಿನ ಹಿಂದೆಯೇ ಅಲ್ಲಿಗೆ ಕೂಲಿಗೆ ಹೋಗುವರು. ಆ ಕೆಲಸವನ್ನು ನಾವು ಇಲ್ಲೇ ಮಾಡುತ್ತೇವೆ, ಒಂದು ರಸ್ತೆ ಕೊಡಿ, ಕರೆಂಟು ಕೊಡಿ ಎಂದು ಜನ ಕೇಳುತ್ತಲೇ ಇದ್ದರು. ನೋಡೋಣ ಎನ್ನುತ್ತ ಸರ್ಕಾರಗಳು ಬಂದವು, ಹೋದವು.

ಆ ಸೀಮೆಯ ಒಂದು ಊರಲ್ಲಿ ಜಗದೇವಿ ಎಂಬ ಹೆಂಗಸಿದ್ದಳು. ಗಣಿಯಲ್ಲಿ ಕಲ್ಲು ಹೊರುವವಳು. ಗಂಡನಿರಲಿಲ್ಲ. ಇಬ್ಬರು ಗಂಡುಮಕ್ಕಳೂ ಗಡಿಯಾಚೆ ದುಡಿಯುತ್ತಿದ್ದರು. ಒಂದು ದಿನ ಅಲ್ಲಿ ಕಲ್ಲು ಜಾರಿ ಕಿರಿಯವನ ಮೇಲೆ ಬಿತ್ತು. ಕಲ್ಲು ಇಳಿಸಿ ಖಾಲಿ ಮರಳುವ ಲಾರಿಯಲ್ಲೇ ಅವನ ಹೆಣ ಹಾಕಿ ಕಳಿಸಿದರು. ಹೊಂಡ ಬಿದ್ದ ದಾರಿಯಲ್ಲಿ ಹೆಣ ಹೊರಳಾಡಿ ಮುಖಕ್ಕೆಲ್ಲ ಕಲ್ಲಿನ ಪುಡಿ ಮೆತ್ತಿತ್ತು. ತಾಯಿ ಸೆರಗಿನಿಂದ ಒರೆಸಿದಳು.

ಊರು ಸೇರಿತು. ಚನ್ನಮಲ್ಲಪ್ಪ ಎಂಬ ವರ್ತಕ ಹೆಣದ ಪಕ್ಕ ನಿಂತು ಗುಡುಗಿದ: “ಕಲ್ಲು ನಮ್ಮದು, ಲಾಭ ಅವರದು, ಹೆಣ ಮತ್ತ ನಮ್ಮದು! ಸರ್ಕಾರಕ್ಕ ಕಣ್ಣಿಲ್ಲೇನು?” ಅವನ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ.

ಊರಿಗೆ ಊರೇ ರೈಲು ಹತ್ತಿ ರಾಜಧಾನಿಗೆ ಹೋಯಿತು. ನಿಮ್ಮ ಪರವಾಗಿ ಒಬ್ಬರು ಒಳಗೆ ಬನ್ನಿ ಎಂದು ಮಂತ್ರಿ ಹೇಳಿಕಳಿಸಿದ. ಮಾತು ಬಲ್ಲವನೆಂದು ವರ್ತಕನನ್ನು ಕಳಿಸಿ ಉಳಿದವರು ಗೇಟಿನ ಹೊರಗೆ ಬಿಸಿಲಲ್ಲಿ ಕೂತರು. ಸಂಜೆ ಅವನು ಹೊರಬಂದ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ. ಸೀಮೆಯ ಅಭಿವೃದ್ಧಿಗೆಂದು ಸರ್ಕಾರ ಒಂದು ಮಂಡಳಿ ಮಾಡಿತ್ತು. ಅವನೇ ಅಧ್ಯಕ್ಷ. ಜನ ಅವನನ್ನು ಎತ್ತಿಕೊಂಡು ಕುಣಿದರು. ಜಗದೇವಿ ಅವನ ಕಾಲಿಗೆ ಬಿದ್ದಳು.

ಮಂಡಳಿಗೆ ಕಚೇರಿ ಬಂತು. ಅಧ್ಯಕ್ಷನಿಗೆ ಕಾರು ಬಂತು. ರಸ್ತೆ ಬರಲಿಲ್ಲ. ಕಲ್ಲು ಹೋಗುತ್ತಲೇ ಇತ್ತು, ಹುಡುಗರೂ ಹೋಗುತ್ತಲೇ ಇದ್ದರು. ಎರಡು ಮಳೆಗಾಲ ಕಳೆದ ಮೇಲೆ ಜಗದೇವಿ ಆ ಕಚೇರಿಗೆ ಹೋಗಿ, ನಮ್ಮ ಕೆಲಸ ಏನಾಯಿತು ಎಂದು ಕೇಳಿದಳು.

“ತಾಳ್ಮಿ ಇರಲಿ, ಜಗದೇವಿ,” ಎಂದ ವರ್ತಕ. “ಸರ್ಕಾರದ ಕೆಲಸ ಅಂದ್ರ ಹಿಂಗೇ. ಸಿಟ್ಟಿನಿಂದ ಏನೂ ಆಗೂದಿಲ್ಲ. ನೋಡು, ನಾನೂ ಸಿಟ್ಟು ಬಿಟ್ಟೀನಿ.”

“ಅದು ನಿಮ್ಮ ಸಿಟ್ಟಲ್ಲ, ಸಾವ್ಕಾರ್ರ,” ಎಂದಳು ಅವಳು. “ನನ್ನ ಮಗನ ಹೆಣದ ಮುಂದ ನಿಂತು ನನ್ನಿಂದ ಇಸ್ಕೊಂಡು ಹೋಗಿದ್ರಿ.”

ಅಲ್ಲಿಂದ ಅವಳು ನೇರ ಗಣಿಯ ದಾರಿಗೆ ನಡೆದಳು. ಕಲ್ಲು ತುಂಬಿದ ಲಾರಿಯ ಮುಂದೆ ಕೂತಳು. ಡ್ರೈವರ್ ಹಾರ್ನ್ ಬಾರಿಸಿದ. ಏಳಲಿಲ್ಲ. ಸುದ್ದಿ ಕೇಳಿ ಹೆಂಗಸರು ಬಂದರು, ಆಮೇಲೆ ಗಂಡಸರು ಬಂದರು. ಲಾರಿಗಳು ಸಾಲುಗಟ್ಟಿ ನಿಂತವು. ಪೊಲೀಸರು ಬೈದರು, ರಟ್ಟೆ ಹಿಡಿದು ಎಳೆದು ಹಾಕಿದರು. ಜನ ಮತ್ತೆ ಬಂದು ಕೂತರು. ಕಲ್ಲಿಲ್ಲದೆ ಗಡಿಯಾಚೆ ಯಂತ್ರಗಳು ನಿಂತವು.

ಆಗ ರಾಜಧಾನಿಗೆ ಕಿವಿ ಕೇಳಿಸಿತು. ಮಂತ್ರಿಯ ಕಡೆಯವರು ಬಂದು, ಯಾರಾದರೂ ಒಬ್ಬರು ಮಾತುಕತೆಗೆ ಬನ್ನಿ ಎಂದರು.

“ಒಬ್ಬರನ್ನ ಕಳಿಸಿ ನೋಡೀವಿ,” ಎಂದಳು ಜಗದೇವಿ. “ಈ ಸಲ ಅವರೇ ಇಲ್ಲಿ ಬರಲಿ.”

ಮಂತ್ರಿ ಬಂದ. ಬಿಸಿಲಲ್ಲಿ, ಎಲ್ಲರ ನಡುವೆ, ಎಲ್ಲರಿಗೂ ಕೇಳುವಂತೆ ಮಾತಾಡಬೇಕಾಯಿತು. ಅವನ ಮಾತಿಗೂ ಜನ ಏಳಲಿಲ್ಲ. ರಸ್ತೆಗೆ ಜಲ್ಲಿ ಬಿದ್ದ ಮೇಲೆಯೇ ಎದ್ದರು. ಮರುವರ್ಷ ಊರಲ್ಲೇ ಕಲ್ಲು ಕೊಯ್ಯುವ ಯಂತ್ರ ತಿರುಗಿತು. ಜಗದೇವಿಯ ಹಿರಿಯ ಮಗ ಮರಳಿ ಬಂದು ಅದರಲ್ಲಿ ಕೆಲಸಕ್ಕೆ ನಿಂತ. ಕಿರಿಯವನು ಬರುವಂತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆ ವರ್ತಕ ಕೆಟ್ಟವನಲ್ಲ, ಗುರುಗಳೇ. ಹೆಣದ ಮುಂದೆ ನಿಜವಾಗಿಯೇ ಅತ್ತಿದ್ದ. ಆಮೇಲೆ ನೀವು ಕಲಿಸುವಂತೆಯೇ ಕೋಪ ಬಿಟ್ಟ. ಅದರಲ್ಲಿ ತಪ್ಪೇನು?”

ಗುರುಗಳು ಹೇಳಿದರು: “ಅವನು ಬಿಡಲಿಲ್ಲ, ಮಾರಿದ.”