ಬೂದಿ ಬೀಳದ ಕುಂಡ

"ಅವ್ವಾ, ಉಳಿದವರು ಒಂದು ಹೆರಿಗೆ ಮಾಡಿಸಿ ಬಂದರೆ ಚಿನ್ನದಂಥ ಕೈ ಅನ್ನುತ್ತೀರಿ. ಎಂಟು ವರ್ಷದಲ್ಲಿ ನನಗೊಂದು ಒಳ್ಳೆಯ ಮಾತು ಸಿಕ್ಕಿಲ್ಲ. ನಾನು ಈ ವಿದ್ಯೆಗೆ ತಕ್ಕವಳಲ್ಲವೇ? ಅಲ್ಲವಾದರೆ ಹೇಳಿಬಿಡಿ, ಹೋಗುತ್ತೇನೆ."

ಬಟ್ಟೆಯ ಗಂಟು ಆಗಲೇ ಶಿಷ್ಯೆಯ ಕಂಕುಳಲ್ಲಿತ್ತು. ಸೂಲಗಿತ್ತಿ ವಿದ್ಯೆ ಕಲಿಸುತ್ತಿದ್ದ ಗುರುತಾಯಿ, "ಹೋಗುವೆಯಂತೆ. ಕೂತು ಒಂದು ಕತೆ ಕೇಳು" ಎಂದಳು.

ದನ ಸಾಕುವ ಒಬ್ಬ ಹೆಂಗಸು. ಅವಳ ಪಾಲಿಗೆ ಬಂದದ್ದು ಒಂದು ಬೋಳು ಗುಡ್ಡ. ಅಲ್ಲಿ ಯಾವ ಹುಲ್ಲು ಬಿತ್ತಿದರೂ ಮೊಳೆತು, ತಿಂಗಳೊಳಗೆ ಸೊರಗುತ್ತಿತ್ತು. ಮಣ್ಣು ಬಲ್ಲವನೊಬ್ಬ ನೋಡಿ ಹೇಳಿದ: "ಇದು ಹುಳಿಮಣ್ಣು ತಾಯಿ. ಇದರಲ್ಲಿ ಅಲ್ಯೂಮಿನಿಯಂ ಕರಗಿ ವಿಷವಾಗಿದೆ, ಬೇರಿನ ತುದಿಯನ್ನೇ ಸುಡುತ್ತದೆ. ಅದನ್ನು ತಡೆದುಕೊಳ್ಳುವ ಹುಲ್ಲನ್ನು ನೀನೇ ಹುಡುಕಿಕೋ." ಆ ಮಳೆಗಾಲ ಗುಡ್ಡ ಹಸಿರಾಗದಿದ್ದರೆ ದನಗಳನ್ನು ಕಂಡವರ ಕೊಟ್ಟಿಗೆಗೆ ಅಟ್ಟಬೇಕಿತ್ತು.

ಅವಳು ಏಳು ಬಗೆಯ ಹುಲ್ಲಿನ ಬೀಜ ತಂದು, ಏಳು ಕುಂಡಕ್ಕೆ ಗುಡ್ಡದ ಮಣ್ಣನ್ನೇ ತುಂಬಿ ಬಿತ್ತಿದಳು. ಸಸಿಗಳು ಬಾಡುವುದನ್ನು ಕಂಡು ನಾದಿನಿಯ ಕರುಳು ಚುರುಕ್ಕೆಂದಿತು. ಬೂದಿ ಹುಳಿಯನ್ನು ಮುರಿಯುತ್ತದೆಂದು ಅವಳಿಗೆ ಗೊತ್ತು. ಒಲೆಯ ಬೂದಿ ತಂದು ಕುಂಡಕ್ಕೊಂದು ಹಿಡಿ ಹಾಕಿದಳು. ಆರು ಕುಂಡ ಆಗುವಷ್ಟರಲ್ಲಿ ಈಕೆ ಓಡಿ ಬಂದು ಏಳನೆಯದರ ಮೇಲೆ ಅಂಗೈ ಅಡ್ಡ ಹಿಡಿದಳು.

"ಇದರ ಮೇಲೇನು ಹಗೆ ಅತ್ತಿಗೆ? ಮಲಮಗಳನ್ನ ನೋಡಿದ ಹಾಗೆ ನೋಡ್ತೀಯಲ್ಲ."

"ಗುಡ್ಡದ ಮೇಲೆ ಇದಕ್ಕೆ ಬೂದಿ ಹಾಕೋರು ಯಾರೇ?"

ನಾದಿನಿ ಬಿಡುವಾದಾಗೆಲ್ಲ ಬೂದಿ ತಂದಳು. ಈಕೆ ಆಗೆಲ್ಲ ಅಂಗೈ ಹಿಡಿದಳು. ಹಿಡಿದಾಗೆಲ್ಲ ಈಕೆಯ ಕರುಳೂ ಹಿಂಡುತ್ತಿತ್ತು, ಯಾರಿಗೂ ಹೇಳಲಿಲ್ಲ.

ಆರು ಹುಲ್ಲು ಮೊಣಕಾಲುದ್ದ ಬೆಳೆದವು. ಏಳನೆಯದು ಗೇಣುದ್ದ. ಬಿತ್ತುವ ದಿನ ಮನೆಯವರೆಲ್ಲ ಎತ್ತರದ್ದಕ್ಕೇ ಕೈ ತೋರಿಸಿದರು. ಅವಳು ಕುಂಡಗಳನ್ನು ಬೋರಲು ಹಾಕಿದಳು. ಆರರ ಬೇರೂ ಮೇಲಿನ ಬೂದಿಯಲ್ಲೇ ಸುತ್ತಿಕೊಂಡಿತ್ತು. ಕೆಳಗಿಳಿಯಲು ನೋಡಿದ ತುದಿಗಳು ಕಂದಿ ಮೊಂಡಾಗಿದ್ದವು. ಏಳನೆಯದರ ಬೇರು ಬೆಳ್ಳಗಿತ್ತು. ಕುಂಡದ ತಳ ಮುಟ್ಟಿ, ಅಲ್ಲೊಂದು ಸುತ್ತು ಬಂದಿತ್ತು.

ಗುಡ್ಡಕ್ಕೆ ಬಿದ್ದದ್ದು ಅದರ ಬೀಜವೇ. ಮಳೆಗಾಲ ಮುಗಿಯುವ ಹೊತ್ತಿಗೆ ದನಗಳು ಅಲ್ಲಿ ತಲೆಯೆತ್ತದೆ ಮೇಯುತ್ತಿದ್ದವು. ಅವಳು ಗುಡ್ಡದ ನೆತ್ತಿಯಲ್ಲಿ, ಮಗಳ ಮದುವೆ ಚಪ್ಪರದಲ್ಲಿ ನಿಂತ ತಾಯಿಯ ಹಾಗೆ ನಿಂತಿದ್ದಳು.

ಶಿಷ್ಯೆ ಕೇಳಿದಳು: "ಅವಳ ಕರುಳು ಹಿಂಡಿದ್ದು ಆ ಹುಲ್ಲಿಗೆ ಗೊತ್ತಾಯಿತೇ ಅವ್ವಾ?"

ಗುರುತಾಯಿ ಅವಳ ಕಂಕುಳಿಂದ ಗಂಟನ್ನು ತೆಗೆದಿಟ್ಟು ಹೇಳಿದಳು: "ಎಂಟು ವರ್ಷದಿಂದ ನಿನ್ನ ಕುಂಡದ ಮೇಲೆ ಅಂಗೈ ಹಿಡಿದು ಕೂತವಳು ನಾನು, ಮಗಳೇ."