ಮೂವತ್ತೊಂದು ತೇಪೆ

ಹಾಲಜ್ಜಿಯ ಆಶ್ರಮದಲ್ಲಿ ಒಂದು ಕಾಲಕ್ಕೆ ಹನ್ನೊಂದು ಮಂದಿ ಹೆಂಗಸರಿದ್ದರು. ಈಗ ಇಬ್ಬರೇ. ಗುರು ಹಾಲಜ್ಜಿ, ಶಿಷ್ಯೆ ಕೊಟ್ರಮ್ಮ.

ಬೋಳುಗುಡ್ಡದ ಬುಡದಲ್ಲಿ ಹೆಂಚಿನ ಮನೆ, ಮಣ್ಣಿನ ಗೋಡೆ. ಬಾವಿಯ ನೀರು ಉಪ್ಪು. ಕುಡಿಯುವುದೆಲ್ಲ ಮಳೆನೀರು. ಸೂರಿನ ಅಂಚಿಗೆ ಉದ್ದಕ್ಕೂ ಕಟ್ಟಿದ ತಗಡಿನ ದೋಣಿ, ಹೆಂಚಿನಿಂದ ಇಳಿದ ನೀರನ್ನು ಹಿಡಿದು ಹಿತ್ತಲ ಕಲ್ಲುತೊಟ್ಟಿಗೆ ಬಿಡುತ್ತಿತ್ತು.

ಆ ದೋಣಿ ಮಾಡಿದವಳು ಆ ಹನ್ನೊಂದು ಮಂದಿಯಲ್ಲಿ ಒಬ್ಬಳಾದ ನಿಂಬವ್ವ. ಎಣ್ಣೆ ಡಬ್ಬಗಳನ್ನು ಸೀಳಿ, ಬಡಿದು, ಬಗ್ಗಿಸಿ, ಕೊಂಡಿ ಹೊಡೆದು ತಾನೇ ಕಟ್ಟಿದ್ದಳು. ಅವಳು ಬಡಿಯುವಾಗ ಎದುರಿಗೆ ಕೂತು ತಗಡು ಹಿಡಿದುಕೊಂಡಿದ್ದವಳು ಕೊಟ್ರಮ್ಮ.

ತಂಗಿಯ ಬಾಣಂತನ ಮುಗಿಸಿ ಮಳೆಗೆ ಮುಂಚೆ ಬರುತ್ತೇನೆಂದು ನಿಂಬವ್ವ ಹೋಗಿ ನಾಲ್ಕು ವರ್ಷವಾಗಿತ್ತು. ಯಾವ ಮಳೆ ಎಂದು ಅವಳು ಹೇಳಿರಲಿಲ್ಲ.

ಬೇಸಿಗೆ ಬಂತೆಂದರೆ ಕೊಟ್ರಮ್ಮ ಏಣಿ ಹತ್ತುತ್ತಿದ್ದಳು. ದೋಣಿಯಲ್ಲಿ ತೂತು ಕಂಡಲ್ಲಿ ಡಾಂಬರು ಸವರಿ, ಬಟ್ಟೆ ಮೆತ್ತಿ, ಮೇಲೊಂದು ತಗಡಿನ ಚೂರು ಕೂರಿಸುತ್ತಿದ್ದಳು. ಒಂದು ತೇಪೆಗೆ ಅರ್ಧ ದಿನ. ಏಣಿಯ ಮೇಲಿಂದ ಊರಿನ ಗಾಡಿದಾರಿ ಕೊನೆಯವರೆಗೂ ಕಾಣುತ್ತಿತ್ತು.

"ತೇಪೆ ಹಾಕೋಳು ತಗಡು ನೋಡ್ತಾಳೆ," ಎಂದಳು ಹಾಲಜ್ಜಿ ಕೆಳಗಿನಿಂದ. "ನೀನು ದಾರಿ ನೋಡ್ತಿದೀಯ."

"ಎರಡೂ ನೋಡ್ತೀನಿ ಅಜ್ಜಿ."

"ಎರಡು ಕಣ್ಣಿದೆ ಅಂತ ಎರಡು ಕಡೆ ನೋಡೋಕಾಗಲ್ಲ."

ಆ ವರ್ಷ ಊರಿನಿಂದ ತಗಡಿನ ಕೆಲಸದ ದಾದಾಪೀರ ಬಂದ. ಕೊಡಕ್ಕೆ ಬೆಸುಗೆ ಹಾಕಿಕೊಟ್ಟು, ಹೋಗುವಾಗ ತಲೆಯೆತ್ತಿ ದೋಣಿ ನೋಡಿದ. ತುಂಬಾ ಹೊತ್ತು ನೋಡಿದ.

"ತಾಯಿ, ಇದರಲ್ಲಿ ದೋಣಿ ಯಾವುದು? ನನಗೆ ಬರೀ ತೇಪೆ ಕಾಣ್ತಿದೆ."

"ಮೂವತ್ತೊಂದಿದೆ," ಎಂದಳು ಕೊಟ್ರಮ್ಮ. "ಒಂದೂ ಸೋರಲ್ಲ."

"ನಮ್ಮಪ್ಪನ ಬಾಯಲ್ಲೂ ಕಟ್ಟಿಸಿದ ಹಲ್ಲೆಲ್ಲ ಗಟ್ಟಿಯಾಗಿತ್ತು. ದವಡೆಯೇ ಹೋಗಿತ್ತು. ಹೊಸದು ಮಾಡಿಕೊಡ್ಲಾ?"

"ಬೇಡ. ಇದನ್ನ ಮಾಡಿದವರು ಬಂದು ನೋಡಿಕೊಳ್ತಾರೆ."

ದಾದಾಪೀರ ಹಾಲಜ್ಜಿಯ ಮುಖ ನೋಡಿದ. ಹಾಲಜ್ಜಿ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಆ ಆಶ್ರಮಕ್ಕೆ ಒಂದು ನಿಯಮವಿತ್ತು. ಮಳೆ ಶುರುವಾದ ಕೂಡಲೇ ಎಲ್ಲರೂ ಪಡಸಾಲೆಯಲ್ಲಿ ಕೂತು ಕಣ್ಣು ಮುಚ್ಚಬೇಕು. ಮಳೆ ನಿಲ್ಲುವವರೆಗೆ ಮಾತಾಡುವಂತಿಲ್ಲ, ಏಳುವಂತಿಲ್ಲ. ಅದಕ್ಕೆ ಮಳೆಮೌನ ಎನ್ನುತ್ತಿದ್ದರು.

ಹೀಗಾಗಿ ದೋಣಿಯನ್ನು ಬಿಸಿಲಲ್ಲಿ ಎಲ್ಲರೂ ನೋಡಿದ್ದರು. ಮಳೆಯಲ್ಲಿ ಯಾರೂ ನೋಡಿರಲಿಲ್ಲ.

ಮೊದಲ ಮಳೆ ಬಂತು. ಇಬ್ಬರೂ ಪಡಸಾಲೆಯಲ್ಲಿ ಕೂತರು. ಹನ್ನೊಂದು ಜನ ಕೂರುತ್ತಿದ್ದ ಜಾಗ. ಮಳೆಯ ಸದ್ದು ಈಗ ಹೆಚ್ಚು ಕೇಳುತ್ತಿತ್ತು.

ಮಳೆ ನಿಂತ ಮೇಲೆ ಕೊಟ್ರಮ್ಮ ಹಿತ್ತಲಿಗೆ ಹೋದಳು. ಹಾಲಜ್ಜಿಯ ಕೋಣೆಯ ಹಿಂದೆ, ಸೂರಿನ ಕೆಳಗೆ, ನೆಲದಲ್ಲಿ ಮೊಳದುದ್ದದ ಗುಂಡಿ ಬಿದ್ದಿತ್ತು. ಗೋಡೆ ಮೇಲಿನಿಂದ ಬುಡದವರೆಗೆ ನೆನೆದು ಕಪ್ಪಾಗಿತ್ತು.

ಅವಳು ಗುಂಡಿಗೆ ಮಣ್ಣು ತುಂಬಿ ತುಳಿದಳು. ಗೋಡೆ ಒಣಗಲು ಎರಡು ದಿನ ಕಾದು, ಕಲೆಯ ಮೇಲೆ ಸುಣ್ಣ ಬಳಿದಳು.

ಹಾಲಜ್ಜಿ ಬಂದು ನೋಡಿದಳು.

"ಗೋಡೆಗೆ ಜ್ವರ ಬಂದರೆ ಪೌಡರ್ ಹಚ್ಚಿದೀಯಲ್ಲೇ."

ಕೊಟ್ರಮ್ಮ ಸುಣ್ಣದ ಕುಂಚವನ್ನು ಬದಿಗಿಟ್ಟಳು.

"ತೊಟ್ಟಿಯಲ್ಲಿ ಎಷ್ಟು ನೀರಿದೆ?"

"ಗೇಣು."

"ಅಷ್ಟು ಮಳೆಗೆ ಗೇಣು?"

"ಮಳೆಯೇ ಕಮ್ಮಿ ಅಜ್ಜಿ."

"ದೋಣಿ ಸರಿಯಾಗಿದೆಯಾ?"

"ಸರಿಯಾಗಿದೆ."

ಹಾಲಜ್ಜಿ ತಲೆಯಾಡಿಸಿದಳು. ಒಳಗೆ ಹೋಗಿ, ಕಿಟಕಿಯ ಬಳಿಯಿದ್ದ ತನ್ನ ಚಾಪೆಯನ್ನು ಎಳೆದು, ಆ ನೆನೆದ ಗೋಡೆಯ ಒಳಬದಿಗೆ ಒತ್ತಿ ಹಾಸಿದಳು.

"ಇನ್ನು ಮೇಲೆ ನನ್ನ ಮಳೆಮೌನ ಪಡಸಾಲೆಯಲ್ಲಿ ಅಲ್ಲ. ಇಲ್ಲಿ."

ಎರಡನೆಯ ಮಳೆ ಸಂಜೆ ಹಿಡಿಯಿತು. ಕೊಟ್ರಮ್ಮ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತಳು. ಒಬ್ಬಳೇ ಕೂತದ್ದು ಅದೇ ಮೊದಲು. ಎಡಕ್ಕೆ ಯಾರ ಉಸಿರೂ ಇಲ್ಲ. ಬಲಕ್ಕೆ ಯಾರ ಬಳೆಯ ಸದ್ದೂ ಇಲ್ಲ.

ನಡುವೆ ಹಾಲಜ್ಜಿಯ ಕೋಣೆಯಲ್ಲಿ ಏನೋ ದೊಪ್ಪನೆ ಬಿತ್ತು.

ಏಳುವಂತಿಲ್ಲ. ಕೂಗುವಂತಿಲ್ಲ. ಕೊಟ್ರಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಮಳೆ ಬೇಗ ನಿಲ್ಲಲೆಂದು ಬೇಡಿಕೊಂಡಳು. ಉಪ್ಪುನೀರಿನ ಊರಿನಲ್ಲಿ ಹಾಗೆ ಬೇಡಿಕೊಂಡವಳು ಅವಳೊಬ್ಬಳೇ ಇರಬೇಕು.

ನಿಂತ ಮೇಲೆ ಓಡಿದಳು. ಹಾಲಜ್ಜಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಮಣ್ಣಿನ ಹೆಂಟೆ ಬಿದ್ದಿತ್ತು. ಭುಜದ ಮೇಲೆಲ್ಲ ಮಣ್ಣು. ಗೋಡೆ ಒಳಕ್ಕೆ ಉಬ್ಬಿತ್ತು.

"ಅಜ್ಜಿ, ಬೇರೆ ಕೋಣೆಗೆ ನಡೀರಿ. ಒಂಬತ್ತು ಕೋಣೆ ಖಾಲಿ ಬಿದ್ದಿವೆ."

"ಯಾಕೆ?"

"ಗೋಡೆ ಬೀಳುತ್ತೆ."

"ಗೋಡೆ ಯಾಕೆ ಬೀಳುತ್ತೆ? ದೋಣಿ ಸರಿಯಾಗಿದೆಯಲ್ಲ."

"ಇನ್ನೊಂದೆರಡು ತೇಪೆ ಹಾಕ್ತೀನಿ. ನಾಳೆಯೇ ಹಾಕ್ತೀನಿ."

"ಹಾಕು. ನಾನು ಇಲ್ಲೇ ಇರ್ತೀನಿ."

"ನಿಮಗೇನಾದರೂ ಆದರೆ ನನಗೆ ಯಾರಿದ್ದಾರೆ?"

"ನಿನಗೆ ನಿಂಬವ್ವ ಇದ್ದಾಳಲ್ಲ. ಬರ್ತಾಳೆ ಅಂತ ನಾಲ್ಕು ವರ್ಷದಿಂದ ಹೇಳ್ತಿದೀಯ."

ಕೊಟ್ರಮ್ಮ ಮರುದಿನ ಏಣಿ ಹತ್ತಿದಳು. ಬೆಳಗಿನಿಂದ ಸಂಜೆಯವರೆಗೆ ಹುಡುಕಿದಳು. ಹೊಸ ತೂತು ಒಂದೂ ಸಿಗಲಿಲ್ಲ. ಹಳೆಯ ತೇಪೆಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಮೂವತ್ತೊಂದೂ ಭದ್ರವಾಗಿದ್ದವು. ಆ ದಿನ ಅವಳು ದಾರಿ ನೋಡಲಿಲ್ಲ. ನೋಡಿದರೂ ಅಲ್ಲಿ ಏನೂ ಇರುತ್ತಿರಲಿಲ್ಲ, ಎರಡು ಮೇಕೆ ಬಿಟ್ಟರೆ.

ಇಳಿದು ಬಂದು ಹೇಳಿದಳು. "ಅಜ್ಜಿ, ದೋಣಿಯಲ್ಲಿ ತಪ್ಪಿಲ್ಲ. ನಾನು ಮುಟ್ಟಿ ನೋಡಿದೀನಿ."

"ಬಿಸಿಲಲ್ಲಿ ನೋಡಿದೆ."

"ಬಿಸಿಲಲ್ಲಿ ಅಲ್ಲದೆ ಇನ್ನು ಯಾವಾಗ ನೋಡಲಿ?"

ಹಾಲಜ್ಜಿ ಚಾಪೆ ಕೊಡವಿ, ಅದೇ ಗೋಡೆಗೆ ಹಾಸಿ ಮಲಗಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಗುಡ್ಡದ ಮೇಲೆ ಮೋಡ ಕಟ್ಟಿತು. ಕೊಟ್ರಮ್ಮ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದಳು.

"ಅದನ್ನ ಸುತ್ತಿಡು," ಎಂದಳು ಹಾಲಜ್ಜಿ. "ನೀನು ಇವತ್ತು ಹಿತ್ತಲಲ್ಲಿ ನಿಲ್ಲು. ಕಣ್ಣು ತೆರೆದುಕೊಂಡು."

"ಮಳೆಮೌನ?"

"ಮೌನ ಬಿಡು ಅಂತ ಯಾರು ಹೇಳಿದರು? ಬಾಯಿ ಮುಚ್ಚಿಕೊಂಡೇ ನಿಲ್ಲು."

"ನಿಯಮ ಮುರಿದ ಹಾಗೆ ಆಗುತ್ತಲ್ಲ ಅಜ್ಜಿ."

"ನಿಯಮ ಮಾಡಿದವಳು ನಾನು. ಆಗ ಹನ್ನೊಂದು ಜನ ಹರಟೆ ಹೊಡೀತಿದ್ರಿ, ಅದಕ್ಕೆ ಮಾಡಿದ್ದು."

ಹೇಳಿ ಕೋಣೆಗೆ ಹೋದಳು. ಉಬ್ಬಿದ ಗೋಡೆಗೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚಿದಳು.

ಮಳೆ ಬಿತ್ತು. ಕೊಟ್ರಮ್ಮ ಹಿತ್ತಲಲ್ಲಿ ನೆನೆಯುತ್ತ ತಲೆಯೆತ್ತಿ ನಿಂತಳು.

ಮೊದಲು ಎಲ್ಲ ಸರಿಯಾಗಿಯೇ ಕಂಡಿತು. ಹೆಂಚಿನಿಂದ ನೀರು ದೋಣಿಗೆ ಇಳಿಯಿತು. ಆಮೇಲೆ ಭಾರಕ್ಕೆ ದೋಣಿಯ ನಡು ಮೆಲ್ಲಗೆ ಬಾಗಿ ಗೋಡೆಯ ಕಡೆಗೆ ವಾಲಿತು. ಕೊಂಡಿಗಳು ಮರದಿಂದ ಬೆರಳಷ್ಟು ಹೊರಗೆ ಬಂದವು. ನೀರು ತೊಟ್ಟಿಯ ಕಡೆಗೆ ಹರಿಯುವ ಬದಲು ಆ ಬಗ್ಗಿದ ಜಾಗಕ್ಕೆ ಎರಡೂ ಕಡೆಯಿಂದ ಬಂದು ತುಂಬಿತು. ತುಂಬಿ, ಹಿಂದಿನ ಅಂಚಿನಿಂದ ಉಕ್ಕಿ, ಗೋಡೆಯ ಮೇಲೆ ಹಾಳೆಯ ಹಾಗೆ ಇಳಿಯಿತು. ಬಿಸಿಲು ಬಂದರೆ ನೀರು ಹೋಗಿ, ದೋಣಿ ಹಗುರಾಗಿ ಮತ್ತೆ ಮೇಲೇಳುತ್ತಿತ್ತು. ಅದಕ್ಕೇ ಕಂಡಿರಲಿಲ್ಲ.

ಅವಳು ತೇಪೆಗಳನ್ನು ನೋಡಿದಳು. ಮೂವತ್ತೊಂದರಲ್ಲಿ ಒಂದೂ ಸೋರುತ್ತಿರಲಿಲ್ಲ. ತೇಪೆಯ ಪಕ್ಕದ ತಗಡು ಸೋರುತ್ತಿತ್ತು. ತುಕ್ಕಿನಲ್ಲಿ ಅಡಗಿದ್ದ ಸೂಜಿಯಂಥ ತೂತುಗಳು, ಲೆಕ್ಕವಿಲ್ಲದಷ್ಟು.

ತೊಟ್ಟಿಯ ಬಾಯಿಗೆ ಬೀಳುತ್ತಿದ್ದುದು ದಾರದಷ್ಟು ನೀರು.

ಆ ಗೋಡೆಯ ಆಚೆ ಬದಿಯಲ್ಲಿ ಹಾಲಜ್ಜಿಯ ಬೆನ್ನಿತ್ತು.

ಕೊಟ್ರಮ್ಮ ಏಣಿ ತಂದು ಹತ್ತಿದಳು. ಕೊನೆಯ ತೇಪೆಯ ಪಕ್ಕ ಹೆಬ್ಬೆರಳಿಟ್ಟು ಒತ್ತಿದಳು. ಹಪ್ಪಳ ಮುರಿದ ಹಾಗೆ ಬೆರಳು ಆಚೆಗೆ ಹೋಯಿತು. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಹೋಯಿತು.

ಒಂದು ಕ್ಷಣ ಹಾಗೆಯೇ ನಿಂತಳು. ಬೆರಳು ತಗಡಿನೊಳಗೇ ಇತ್ತು.

ಆಮೇಲೆ ಎರಡೂ ಕೈಯಿಂದ ದೋಣಿಯನ್ನು ಹಿಡಿದು ಎಳೆದಳು. ಬಲ ಬೇಕಾಗಲಿಲ್ಲ. ಒಂದು ಕೊಂಡಿ ಬಿಟ್ಟಿತು, ಅದರ ಹಿಂದೆ ಉಳಿದವೆಲ್ಲ ಬಿಟ್ಟವು. ಇಡೀ ದೋಣಿ ಕೆಸರಿನ ಮೇಲೆ ಬಿದ್ದು ಮೂರು ತುಂಡಾಯಿತು.

ಹೆಂಚಿನ ನೀರು ಈಗ ತಡೆಯಿಲ್ಲದೆ ನೇರ ಕೆಳಗೆ ಬಿತ್ತು. ಗೋಡೆಗೆ ಒಂದು ಮೊಳ ಆಚೆ, ಉದ್ದಕ್ಕೂ, ಒಂದೇ ಗೆರೆಯಾಗಿ. ಗೋಡೆಯ ಮೇಲೆ ಇಳಿಯುತ್ತಿದ್ದ ನೀರು ನಿಂತಿತು.

ಮಳೆ ಮುಗಿದ ಮೇಲೆ ಅವಳು ಒಳಗೆ ಬಂದು ಬಾಗಿಲಲ್ಲಿ ನಿಂತಳು. ಸೀರೆಯಿಂದ ನೀರು ಸುರಿಯುತ್ತಿತ್ತು. ಕೈಯಲ್ಲಿ ತುಕ್ಕು.

ಹಾಲಜ್ಜಿ ಕಣ್ಣು ಬಿಟ್ಟಳು.

"ಬಿತ್ತಾ?"

"ನಾನೇ ಕಿತ್ತೆ."

"ಹೂಂ." ಹಾಲಜ್ಜಿ ಎದ್ದು, ಚಾಪೆಯನ್ನು ಕಿಟಕಿಯ ಬಳಿಗೆ ಎಳೆದುಕೊಂಡಳು. "ನಾಳೆ ದಾದಾಪೀರನಿಗೆ ಹೇಳಿ ಕಳಿಸು. ಅಲ್ಲಿಯವರೆಗೆ ಕೊಡ, ತಪ್ಪಲೆ ಎಲ್ಲ ಸೂರಿನ ಕೆಳಗೆ ಸಾಲಾಗಿಡು."

"ದೋಣಿ ಇಲ್ಲದಿದ್ದರೂ ಗೋಡೆ ಇಷ್ಟು ನೆನೀತಿರಲಿಲ್ಲ ಅಜ್ಜಿ."

"ಇಲ್ಲ."

"ಮತ್ತೆ ನೀವು ಅಲ್ಲೇ ಕೂತಿದ್ದಿರಲ್ಲ. ಗೋಡೆ ಬಿದ್ದಿದ್ದರೆ?"

"ಬಿದ್ದಿದ್ದರೆ ನೀನು ಅದಕ್ಕೂ ಸುಣ್ಣ ಬಳೀತಿದ್ದೆ."

ಕೊಟ್ರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಹೊಸಿಲ ಮೇಲೆ ಕುಸಿದು ಕೂತು ಅತ್ತಳು. ಹಾಲಜ್ಜಿ ಸಮಾಧಾನ ಮಾಡಲು ಹೋಗಲಿಲ್ಲ. ತಲೆ ಒರೆಸಿಕೊಳ್ಳಲು ಒಂದು ಬಟ್ಟೆ ಎಸೆದಳು.

ತಲೆ ಒರೆಸಿಕೊಳ್ಳುತ್ತ ಕೊಟ್ರಮ್ಮ ಕೇಳಿದಳು.

"ಮುಂದಿನ ಸಲ ನನಗೆ ಹೇಗೆ ಗೊತ್ತಾಗಬೇಕು? ಯಾವಾಗ ತೇಪೆ ಹಾಕಬೇಕು, ಯಾವಾಗ ಕೀಳಬೇಕು ಅಂತ?"

"ತೂತು ನೋಡಬೇಡ. ತೂತಿನ ಅಂಚು ಒತ್ತಿ ನೋಡು. ಗಟ್ಟಿಯಿದ್ದರೆ ತೇಪೆ ಹಾಕು. ಪುಡಿಯಾದರೆ ತೇಪೆ ಯಾವುದನ್ನ ಹಿಡಿದುಕೊಳ್ಳಬೇಕು?"

"ಕೊಂಡಿ ಸಡಿಲಾದರೆ?"

"ಕೊಂಡಿ ಬದಲಾಯಿಸು. ಕಸ ಕಟ್ಟಿದರೆ ಕಸ ತೆಗಿ. ಅದಕ್ಕೆಲ್ಲ ದೋಣಿ ಕೀಳೋರು ಹುಚ್ಚರು. ಮಳೆಯಲ್ಲಿ ಒಂದು ಸಲ ನಿಂತು ನೋಡಿದರೆ ಯಾವುದು ಯಾವುದು ಅಂತ ಅದೇ ಹೇಳುತ್ತೆ."

ಹೊರಗೆ ಹೆಂಚಿನಿಂದ ಕೊನೆಯ ಹನಿಗಳು ಬೀಳುತ್ತಿದ್ದವು. ಕೊಟ್ರಮ್ಮ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಅಂಥ ತಗಡು ಎಷ್ಟು ವರ್ಷ ತಾಳುತ್ತೆ ಅಜ್ಜಿ?"

"ಮೂರು ಮಳೆಗಾಲ."

"ನಿಮಗೆ ಹೇಗೆ ಗೊತ್ತು?"

"ನಿಂಬವ್ವ ಹೇಳಿದ್ದಳು. ಹೋಗೋ ದಿನ. ಮೂರು ಮಳೆಗಾಲ ತಾಳುತ್ತೆ, ಆಮೇಲೆ ದಾದಾಪೀರನ ಹತ್ತಿರ ಹೊಸದು ಮಾಡಿಸಿಕೊಳ್ಳಿ ಅಂತ."

ಕೊಟ್ರಮ್ಮ ಬಟ್ಟೆ ಮಡಿಚುವುದನ್ನು ನಿಲ್ಲಿಸಿದಳು.

"ದಾದಾಪೀರನ ಹತ್ತಿರ ಅಂದಳಾ?"

"ಹೂಂ."

"ಹಾಗಾದರೆ ತಾನು ಬರಲ್ಲ ಅಂತ ಹೋಗುವಾಗಲೇ ಅವಳಿಗೆ..."

ಹಾಲಜ್ಜಿ ಕಿಟಕಿಯ ಕದ ತೆರೆದಳು.

ಕೊಟ್ರಮ್ಮ ತಲೆಯೆತ್ತಿದಳು.

"ನಾಲ್ಕು ವರ್ಷ ಇದನ್ನ ನನಗೆ ಯಾಕೆ ಹೇಳಲಿಲ್ಲ ಅಜ್ಜಿ?"

ಹಾಲಜ್ಜಿ ಹೇಳಿದಳು:

"ನಾಲ್ಕು ವರ್ಷವೂ ನೀನು ಅವಳ ವಿಷಯವೇ ಕೇಳಿದೆ. ದೋಣಿಯ ವಿಷಯ ಕೇಳಿದ್ದು ಇವತ್ತು."